ತಿಪ್ಪ ಅನ್ನೋ ಹೆಸರಿಗೆ ನಗಬೇಡಿ



ನಮ್ಮ ತಾತನ ಹೆಸರು ತಿಪ್ಪ. ಮೊನ್ನೆ ಸಭೆಯೊಂದರಲ್ಲಿ ಇದನ್ನ ಹೇಳಿದಾಗ ಮುಂದೆ ಕೂತಿದ್ದ ಹುಡುಗರು ನಕ್ಕರು. ನಮ್ಮ ಹುಡುಗರೇ. ಅದಕ್ಕೇ ಬರೀತಿದ್ದೀನಿ.

ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮತ್ತೊಂದು ಕೂಸು ಹುಟ್ಟಿದರೆ ಅದನ್ನ ತಿಪ್ಪೆ ಮೇಲೆ ಹೊರಳಿಸಿ ಎತ್ತಿಕೊಂಡು ಬರ್ತಿದ್ರು. ಕಸ ಅಂದ್ಕೊಂಡು ಸಾವು ಮುಟ್ಟದೇ ಹೋಗಲಿ ಅಂತ. ತಾತನಿಗಿಂತ ಮುಂಚೆ ಮೂರು ಕೂಸು ಹೋಗಿದ್ವಂತೆ.

ಶೂದ್ರನ ಹೆಸರು ಹೇಸಿಗೆ ಹುಟ್ಟಿಸುವಂತಿರಬೇಕು ಅಂತ ಮನುಸ್ಮೃತಿಯ 2ನೇ ಅಧ್ಯಾಯದಲ್ಲಿದೆ, ನಿಜ. ಹಂಗಂತ ತಿಪ್ಪನನ್ನೂ ಮನು ಲೆಕ್ಕಕ್ಕೆ ಬರೆಯೋದನ್ನ ನಾನು ಒಪ್ಪಲ್ಲ. ಇದು ತಾಯಿ ಇಟ್ಟ ಹೆಸರು. ಜಾತಿ ಇರೋದು ಹೆಸರಿನ ಬಾಲದಲ್ಲಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದೆಸೆಯಿಂದ ಚಿತ್ರದುರ್ಗದ ಕಡೆ ಎಷ್ಟೊಂದು ತಿಪ್ಪೇಸ್ವಾಮಿಗಳಿದ್ದಾರೆ (ನಮ್ಮವರೂ ಇದ್ದಾರೆ), ಯಾರೂ ನಗಲ್ಲ. ನಮ್ಮ ತಾತ ಮಾತ್ರ ಎಪ್ಪತ್ತು ದಾಟಿದ ಮೇಲೂ ಊರಿನ ಚಿಕ್ಕ ಹುಡುಗರ ಬಾಯಲ್ಲಿ 'ಲೇ ತಿಪ್ಪ'.

ಸಿದ್ಧಾರ್ಥ, ರಾಹುಲ, ಅಶೋಕ ಅಂತ ಹೆಸರಿಟ್ಟುಕೊಂಡಿದ್ದು ಸರಿಯೇ. ನನ್ನ ಮಗ ಗೌತಮ. ನಮ್ಮ ಕೇರಿಯಲ್ಲಿ ಈಗ ಒಬ್ಬ ತಿಪ್ಪನೂ ಉಳಿದಿಲ್ಲ, ವಾಪಸ್ ಇಡಿ ಅಂತ ನಾನೂ ಹೇಳ್ತಿಲ್ಲ. ಆದ್ರೆ ವಂಶವೃಕ್ಷ ಮಾಡಿಸುವಾಗ ನಾಚಿಕೆಗೆ ತಾತನನ್ನ 'ತಿಪ್ಪೇಶ್' ಅಂತ ಬರೆಸ್ತೀರಲ್ಲ, ಅದನ್ನ ದಯವಿಟ್ಟು ಬಿಡಿ. ಪಹಣಿಯಲ್ಲಿ ಅವನು ತಿಪ್ಪನೇ. ಎರಡೂ ಹೊಂದದಿದ್ದರೆ ಇರೋ ಒಂದೂವರೆ ಎಕರೆ ನಮ್ಮದು ಅಂತ ತೋರಿಸೋಕೆ ನಾಡಕಚೇರಿಗೆ ಅಲೀಬೇಕು. ನಾನು ಎರಡು ವರ್ಷ ಅಲೆದಿದ್ದೀನಿ.