ಹದಿನಾರು ಕುದುರೆಗಳೂ ಕಾಣದ ಗಾಳಿಯೂ

ಬೆಳಗಿ ಇಟ್ಟ ಬರಿದಾದ ಚೊಂಬನ್ನು ತೋರಿಸಿ, "ಇದರೊಳಗೆ ಏನಿದೆ?" ಎಂದು ಮಕ್ಕಳನ್ನು ಕೇಳಿದರೆ, "ಏನೂ ಇಲ್ಲ" ಎಂದೇ ಹೇಳುವರು. ದೊಡ್ಡವರಾದ ನಾವೂ ಹಾಗೆಯೇ ಹೇಳುವೆವು. ಆದರೆ ಆ ಚೊಂಬನ್ನು ಬೋರಲು ಮಾಡಿ ಹಂಡೆಯ ನೀರಿನಲ್ಲಿ ನೆಟ್ಟಗೆ ಅದುಮಿದರೆ ನೀರು ಒಳಗೆ ತುಂಬಲೊಲ್ಲದು. ಅಲ್ಲಿ ಗಾಳಿಯು ಮೊದಲೇ ಮನೆ ಮಾಡಿಕೊಂಡಿರುವುದು. ಆ ಗಾಳಿಯನ್ನೂ ಹೊರಕ್ಕೆ ತೆಗೆದರೆ ಉಳಿಯುವುದೇನು? ಬರಿದಾದ ಸ್ಥಳವೆಂಬುದು ಇರಲಾರದೆಂದು ಗ್ರೀಸಿನ ಅರಿಸ್ಟಾಟಲನು ಹೇಳಿದ್ದನು. ಪ್ರಕೃತಿಯು ಶೂನ್ಯವನ್ನು ಸಹಿಸದೆಂಬ ಮತವು ಯೂರೋಪಿನ ಪಂಡಿತರಲ್ಲಿ ಬಹುಕಾಲ ಬೇರೂರಿ ನಿಂತಿತ್ತು.

ವಾದವನ್ನು ಬದಿಗಿಟ್ಟು ಕೈಯಿಂದ ಮಾಡಿ ನೋಡಿದವರಲ್ಲಿ ಆಟೋ ಫಾನ್ ಗೆರಿಕೆ ಎಂಬ ಮಹಾಶಯನು ಒಬ್ಬನು. ಈತನು ೧೬೦೨ರಲ್ಲಿ ಜರ್ಮನಿಯ ಮಾಗ್ಡೆಬುರ್ಗ್ ಪಟ್ಟಣದಲ್ಲಿ ಜನಿಸಿದನು. ೧೬೩೧ರಲ್ಲಿ ಶತ್ರುಸೈನ್ಯವು ಆ ಪಟ್ಟಣವನ್ನು ಸೂರೆಗೊಂಡಾಗ ಊರು ಸುಟ್ಟು ಬೂದಿಯಾಯಿತು. ಸುಮಾರು ೨೦,೦೦೦ ಜನರು ಮಡಿದರು. ಗೆರಿಕೆಯು ಸೊತ್ತನ್ನೆಲ್ಲ ಕಳೆದುಕೊಂಡು ಜೀವದಿಂದುಳಿದನು. ಆದರೂ ಧೈರ್ಯಗೆಡದೆ, ಊರನ್ನು ಮರಳಿ ಕಟ್ಟುವ ಕಾರ್ಯದಲ್ಲಿ ದುಡಿದು, ೧೬೪೬ರಲ್ಲಿ ಅದರ ಪುರಾಧ್ಯಕ್ಷನಾದನು. ಅಷ್ಟು ಕೆಲಸಗಳ ನಡುವೆಯೂ ಅವನ ಮನಸ್ಸನ್ನು ಕಾಡುತ್ತಿದ್ದುದು ಈ ಶೂನ್ಯದ ಪ್ರಶ್ನೆಯೇ.

ಮೊದಲು ಆತನು ಮರದ ಪೀಪಾಯಿಯೊಂದರಲ್ಲಿ ನೀರು ತುಂಬಿ, ರೇಚಕ ಯಂತ್ರದಿಂದ ನೀರನ್ನು ಹೊರಕ್ಕೆ ಎಳೆಯಿಸಿದನು. ನೀರು ಹೋದ ಸ್ಥಳವು ಬರಿದಾಗುವುದೆಂದು ಅವನ ಎಣಿಕೆ. ಆದರೆ ಹಲಗೆಗಳ ಸಂದುಗಳಿಂದ ಗಾಳಿಯು ಸದ್ದು ಮಾಡುತ್ತ ಒಳನುಗ್ಗಿತು. ಬಳಿಕ ತಾಮ್ರದ ಗೋಳವನ್ನು ಮಾಡಿಸಿ, ಅದರೊಳಗಿನ ಗಾಳಿಯನ್ನೇ ಎಳೆಯಿಸತೊಡಗಿದನು. ಕೆಲಸವು ಮುಗಿಯುತ್ತ ಬಂದಿತೆನ್ನುವಷ್ಟರಲ್ಲಿ ಗೋಳವು ಭಾರಿ ಶಬ್ದದೊಡನೆ ಕುಗ್ಗಿ ನಜ್ಜುಗುಜ್ಜಾಯಿತು! ಮತ್ತೊಬ್ಬನಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದನೋ ಏನೋ. ಗೆರಿಕೆಯಾದರೋ, ಗೋಳವು ಸರಿಯಾಗಿ ದುಂಡಾಗಿರದುದೇ ಕಾರಣವೆಂದು ಬಗೆದು, ಇನ್ನೊಂದನ್ನು ಮಾಡಿಸಿದನು. ಅದು ಕುಗ್ಗದೆ ನಿಂತಿತು. ಮುರಿದ ಗೋಳವೇ ಗಾಳಿಯ ಬಲವನ್ನು ಸಾರಿ ಹೇಳಿತ್ತು.

೧೬೫೪ರಲ್ಲಿ ರೇಗನ್ಸ್‌ಬುರ್ಗ್ ನಗರದಲ್ಲಿ ಚಕ್ರವರ್ತಿ ಮೂರನೆಯ ಫರ್ಡಿನೆಂಡನ ಸಮ್ಮುಖದಲ್ಲಿ ಆತನು ತನ್ನ ಪ್ರಯೋಗಗಳನ್ನು ತೋರಿಸಿದನು. ಎಲ್ಲಕ್ಕೂ ಹೆಸರಾದ ಪ್ರಯೋಗವು ೧೬೫೭ರಲ್ಲಿ ಮಾಗ್ಡೆಬುರ್ಗಿನಲ್ಲಿ ನಡೆದುದು. ಸುಮಾರು ೫೧ ಸೆಂಟಿಮೀಟರ್ ಅಡ್ಡಳತೆಯ ಎರಡು ಅರ್ಧಗೋಳಗಳನ್ನು ಬಾಯಿಗೆ ಬಾಯಿ ಸೇರಿಸಿ, ನಡುವೆ ಮೇಣವನ್ನು ಹೀರಿದ ಚರ್ಮದ ಬಳೆಯನ್ನಿಟ್ಟು, ಒಳಗಿನ ಗಾಳಿಯನ್ನು ತೆಗೆಯಿಸಿದನು. ಬೆಸುಗೆಯಿಲ್ಲ, ಮೊಳೆಯಿಲ್ಲ. ಒಂದೊಂದು ಕಡೆಗೆ ಎಂಟರಂತೆ ಹದಿನಾರು ಕುದುರೆಗಳನ್ನು ಹೂಡಿ ಎಳೆಯಿಸಿದರೂ ಅವು ಸುಲಭವಾಗಿ ಅಗಲಲಿಲ್ಲ. ಅದೇ ಗೋಳದ ತಿರುಪನ್ನು ತಿರುಗಿಸಿ ಗಾಳಿಯನ್ನು ಒಳಕ್ಕೆ ಬಿಟ್ಟರೆ, ಎರಡು ಭಾಗಗಳೂ ತಾವಾಗಿಯೇ ಬೇರೆಯಾಗುತ್ತಿದ್ದುವು.

ಹಾಗಾದರೆ ಅವನ್ನು ಹಿಡಿದಿದ್ದವರು ಯಾರು? ಒಳಗಿನ ಶೂನ್ಯವಲ್ಲ, ಹೊರಗಿನ ಗಾಳಿ. ಗಾಳಿಯು ಒಂದು ಚದರ ಸೆಂಟಿಮೀಟರ್ ಸ್ಥಳದ ಮೇಲೆ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು ಒತ್ತುವುದು. ಆ ಲೆಕ್ಕದಲ್ಲಿ ಆ ಗೋಳದ ಭಾಗಗಳನ್ನು ಒಂದಕ್ಕೊಂದು ಅದುಮಿದ ಬಲವು ಸುಮಾರು ೨,೦೦೦ ಕಿಲೋಗ್ರಾಂ! ನಮ್ಮ ದೇಹದ ಮೇಲೂ ಇದೇ ಒತ್ತಡವಿದೆ. ಒಳಗಿನ ಒತ್ತಡವು ಹೊರಗಿನದಕ್ಕೆ ಸರಿಸಮವಾಗಿರುವುದರಿಂದ ಅದು ನಮಗೆ ತಿಳಿಯುವುದಿಲ್ಲ.

ಗಾಳಿ ತೆಗೆದ ಪಾತ್ರೆಯಲ್ಲಿ ಗಂಟೆಯ ನಾದವು ಕೇಳಿಸದು, ದೀಪವು ಉರಿಯದು ಎಂಬುದನ್ನೂ ಗೆರಿಕೆಯು ಕಂಡುಕೊಂಡನು. ಅವನ ಯಂತ್ರದ ಸುದ್ದಿಯನ್ನು ಕೇಳಿ, ಇಂಗ್ಲೆಂಡಿನ ರಾಬರ್ಟ್ ಬಾಯ್ಲನು ಹುಕ್ಕನ ನೆರವಿನಿಂದ ಇನ್ನೂ ಉತ್ತಮವಾದುದನ್ನು ರಚಿಸಿ, ೧೬೬೦ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ೧೭೧೨ರಲ್ಲಿ ನ್ಯೂಕೊಮೆನ್ನನು ಗಣಿಗಳ ನೀರನ್ನೆತ್ತಲು ಕಟ್ಟಿದ ಉಗಿಯಂತ್ರದಲ್ಲಿ ಕೊಂತವನ್ನು ಕೆಳಕ್ಕೆ ದೂಡಿದುದೂ ಈ ಗಾಳಿಯ ಒತ್ತಡವೇ.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗಾಜಿನ ಲೋಟವನ್ನು ಅಂಚಿನವರೆಗೆ ನೀರಿನಿಂದ ತುಂಬಿ, ಬಾಯಿಯ ಮೇಲೆ ದಪ್ಪ ಕಾಗದವನ್ನಿಟ್ಟು, ಅಂಗೈಯಿಂದ ಒತ್ತಿಹಿಡಿದು ತಟಕ್ಕನೆ ಬೋರಲು ಮಾಡಿ, ಮೆಲ್ಲನೆ ಕೈ ತೆಗೆಯಿರಿ. ಕಾಗದವು ಬೀಳದು, ನೀರೂ ಚೆಲ್ಲದು. ಮೊದಲ ಸಲ ಚೆಲ್ಲಿದರೆ ಬೇಸರಪಡಬೇಡಿರಿ. ಗೆರಿಕೆಯ ಮೊದಲ ಗೋಳವೂ ಒಡೆದಿತ್ತು. ಇನ್ನೊಮ್ಮೆ ತುಂಬಿ ನೋಡಿರಿ. ಅನಂತರ ಮಕ್ಕಳಿಗೆ ಆ ಬರಿಯ ಚೊಂಬನ್ನು ಮತ್ತೆ ತೋರಿಸಿ, ಅದೇ ಪ್ರಶ್ನೆಯನ್ನು ಕೇಳಿರಿ. ಈ ಸಾರಿ "ಏನೂ ಇಲ್ಲ" ಎಂಬ ಉತ್ತರವು ಬಾರದು.