ದಾರಿ ಬೇಡ, ಅಪಾಯ ಹೇಳು

ವಿಡಿಯೊ ಗೇಮಿನೊಳಗೆ ಮಾತಾಡುವ ಸಹಾಯಕ ಆಡುವವರಿಗೆ ಎಷ್ಟು ಹೇಳಬೇಕು? ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಊರಲ್ಲೂ ಮಕ್ಕಳು ಶಾಲೆಯಿಂದ ಬಂದವರೇ ಮೊಬೈಲ್ ಹಿಡಿಯುತ್ತಾರೆ. ಹಾಗಾಗಿ ಇದು ಬರೀ ಆಟದ ಪ್ರಶ್ನೆಯಲ್ಲ, ಕಲಿಕೆಯ ಪ್ರಶ್ನೆಯೂ ಹೌದು. ನನ್ನ ನಿಲುವು ಇಷ್ಟು: ಅಪಾಯವನ್ನು ಕೇಳದಿದ್ದರೂ ಹೇಳಬೇಕು; ದಾರಿಯನ್ನು ಕೇಳಿದಾಗ ಮಾತ್ರ, ಅದೂ ಒಂದೇ ಹೆಜ್ಜೆಯಷ್ಟು.

ಇದನ್ನು ಚೆನ್ನಾಗಿ ಅರಿತು ಮಾಡಿದ ಆಟ ‘ಸಬ್‌ನಾಟಿಕಾ’. ಅಮೆರಿಕದ ಅನ್‌ನೋನ್ ವರ್ಲ್ಡ್ಸ್ ಸಂಸ್ಥೆ ಇದನ್ನು ಪೂರ್ಣರೂಪದಲ್ಲಿ ಹೊರತಂದದ್ದು 2018ರ ಜನವರಿಯಲ್ಲಿ. 2025ರಲ್ಲಿ ಮೊಬೈಲಿಗೂ ಬಂತು. ಅರೋರಾ ಎಂಬ ಅಂತರಿಕ್ಷ ನೌಕೆ ಎತ್ತ ನೋಡಿದರೂ ಸಮುದ್ರವೇ ಇರುವ ಗ್ರಹವೊಂದರಲ್ಲಿ ಬಿದ್ದಿದೆ. ಬದುಕುಳಿದವನ ಕೈಲಿ ಪಿಡಿಎ ಎಂಬ ಮಾತಾಡುವ ಸಾಧನವಿದೆ. ಶುರುವಿನಲ್ಲಿ ಒಂದು ಮುಳುಗಿಗೆ ಸಿಗುವುದು 45 ಸೆಕೆಂಡಿನ ಉಸಿರು. 30 ಸೆಕೆಂಡು ಉಳಿದಾಗ ಪಿಡಿಎ ಎಚ್ಚರಿಸುತ್ತದೆ, 10 ಉಳಿದಾಗ ಮತ್ತೊಮ್ಮೆ. 100 ಮೀಟರ್ ಆಳ ದಾಟಿದರೆ ಆಮ್ಲಜನಕ ಬೇಗ ಮುಗಿಯುತ್ತದೆ ಎನ್ನುತ್ತದೆ. ಮೀನನ್ನೋ ಗಿಡವನ್ನೋ ಸ್ಕ್ಯಾನ್ ಮಾಡಿದರೆ ಅದರ ವಿವರ ಬರೆದಿಟ್ಟುಕೊಳ್ಳುತ್ತದೆ. ಇಷ್ಟೆಲ್ಲ ಹೇಳುವ ಯಂತ್ರದಲ್ಲಿ ನಕ್ಷೆ ಮಾತ್ರ ಇಲ್ಲ. ದಿಕ್ಸೂಚಿಯನ್ನೂ ನಾವೇ ಮಾಡಿಕೊಳ್ಳಬೇಕು.

ನಕ್ಷೆ ಇಲ್ಲದ್ದರಿಂದ ಏನಾಗುತ್ತದೆಂದು ಅಕ್ಕೂರಿನ ನಮ್ಮ ನೆಂಟರ ಹುಡುಗನ ಗಣಿತದ ನೋಟ್‌ಬುಕ್ಕಿನಲ್ಲಿ ಕಂಡೆ. ಹಿಂದಿನ ಹಾಳೆಯ ನಡುವೆ ಒಂದು ಸೊನ್ನೆ: ಅವನು ತೇಲಿಬಂದ ಪುಟ್ಟ ನೌಕೆ. ಪೂರ್ವಕ್ಕೆ ಅರೋರಾ. ಅದರ ಹಿಂಭಾಗದಲ್ಲಿ ಕೆಂಪು ಪೆನ್ನಿನ ಕತ್ತರಿ ಗುರುತು. ರೀಪರ್ ಲೆವಿಯಥಾನ್ ಎಂಬ ದೈತ್ಯ ಪ್ರಾಣಿ ಅವನನ್ನು ಹಿಡಿದದ್ದು ಅಲ್ಲಿ. ಬರೆಯೆಂದು ಯಾರೂ ಹೇಳಿರಲಿಲ್ಲ. ಆಟ ಬಾಯಿ ಮುಚ್ಚಿಕೊಂಡ ಜಾಗದಲ್ಲಿ ಅವನ ಬುದ್ಧಿ ಓಡಿದೆ.

ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಸುವ ಸೋದರಮಾವನೂ ಹೀಗೇ ಮಾಡುತ್ತಿದ್ದ. ಬೆನ್ನಿಗೆ ಒಣಗಿದ ಕತ್ತಾಳೆ ಬೆಂಡು ಕಟ್ಟಿ, ಸೊಂಟದ ಹಗ್ಗದ ತುದಿ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಕೈಕಾಲು ಬಡಿಯುವಾಗ ಹಗ್ಗ ಸಡಿಲ, ಮುಳುಗುವಾಗ ಮಾತ್ರ ಬಿಗಿ. ಸದಾ ಎಳೆದು ಹಿಡಿದಿದ್ದರೆ ಹುಡುಗ ನೀರಿಗೆ ಹೆದರುವುದನ್ನು ಬಿಡುತ್ತಿದ್ದ, ಈಜು ಮಾತ್ರ ಬರುತ್ತಿರಲಿಲ್ಲ.

ಈಗ ಬೇರೊಂದು ಬಗೆಯ ಸಹಾಯಕರು ಬಂದಿದ್ದಾರೆ. ಮೈಕ್ರೋಸಾಫ್ಟ್ 2025ರಲ್ಲಿ ತಂದ ಗೇಮಿಂಗ್ ಕೋಪೈಲಟ್, ಆಡುವವನ ಪರದೆ ನೋಡಿ ಮುಂದೇನು ಮಾಡಬೇಕೆಂದು ಹೇಳಬಲ್ಲದು. ದಿನವಿಡೀ ದುಡಿದು ರಾತ್ರಿ ಅರ್ಧ ಗಂಟೆ ಆಡುವವರಿಗೆ, ಕಣ್ಣು ಮಂಜಾದವರಿಗೆ, ಒಂದೇ ಕಡೆ ಸಿಕ್ಕಿಬಿದ್ದು ಬೇಸತ್ತವರಿಗೆ ಇದು ನಿಜಕ್ಕೂ ಉಪಕಾರಿ. ಅವರಿಗೆ ಇದನ್ನು ತಪ್ಪಿಸಬೇಕೆಂದು ನಾನು ಹೇಳಲಾರೆ. ಆದರೆ ಹುಡುಕಾಟವೇ ತಿರುಳಾದ ಆಟದಲ್ಲಿ ಉತ್ತರ ಕಿವಿಯ ಪಕ್ಕದಲ್ಲೇ ಇದ್ದರೆ, ನೋಡುವ ಮೊದಲೇ ಕೇಳುವ ಚಾಳಿ ಬೀಳುತ್ತದೆ. ಆ ನೋಟ್‌ಬುಕ್ಕಿನ ಹಾಳೆ ಖಾಲಿ ಉಳಿಯುತ್ತದೆ.

ಕೇಳಿದಾಗ ಎಷ್ಟು ಹೇಳಬೇಕು ಎನ್ನುವುದಕ್ಕೂ ಸಬ್‌ನಾಟಿಕಾದಲ್ಲೇ ಮಾದರಿಯಿದೆ. ರೇಡಿಯೊ ರಿಪೇರಿ ಮಾಡಿದರೆ ಬೇರೆ ನೌಕೆಗಳ ಮೊರೆ ಕೇಳಿಸುತ್ತದೆ, ಅವು ಎಲ್ಲಿವೆಯೆಂಬ ಗುರುತೂ ಸಿಗುತ್ತದೆ. ಅಲ್ಲಿಗೆ ಎಷ್ಟು ಉಸಿರು ಬೇಕು, ನಡುವೆ ಏನು ಕಾದಿದೆ, ಹೇಗೆ ಮರಳಬೇಕು ಎಂಬ ಲೆಕ್ಕ ನಮ್ಮದೇ. ಹೊಸ ಸಹಾಯಕರನ್ನು ಕಟ್ಟುವವರು ಈ ಸಂಯಮ ಕಲಿಯಬೇಕು.

ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತದೆ. ಪಿಡಿಎ ಮಾತಾಡುವುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಗುವಿಗೆ ದಾರಿ ಗೊತ್ತಾಗದಿದ್ದರೆ ನಷ್ಟವಿಲ್ಲ, ಅದು ಹುಡುಕಿಕೊಳ್ಳುತ್ತದೆ. ಎಚ್ಚರಿಕೆಯೇ ಅರ್ಥವಾಗದಿದ್ದರೆ ಆಟ ಅನ್ಯಾಯವಾಗುತ್ತದೆ. ಎಚ್ಚರಿಕೆಯ ಹತ್ತಿಪ್ಪತ್ತು ವಾಕ್ಯಗಳನ್ನು ಕನ್ನಡದಲ್ಲಿ ಧ್ವನಿಮುದ್ರಿಸುವುದು ಆಟ ಮಾಡುವವರಿಗೆ ದೊಡ್ಡ ಹೊರೆಯಲ್ಲ. ಅದನ್ನು ನಾವು ಗಟ್ಟಿಯಾಗಿ ಕೇಳಬೇಕು.