ಸೀರೆ-ಕುಬಸ ಕೊಟ್ಟು ಸಹಿ ಕೇಳಿದರೆ



ಕಳೆದ ತಿಂಗಳು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಗೆ ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಎಣಿಸಿ ಪುಸ್ತಕಕ್ಕೆ ಬರೆದದ್ದಾಯಿತು. ಒಬ್ಬ ತಂಗಿ ಮಾತ್ರ ಮಾತಿಲ್ಲದೆ ಕೂತಿದ್ದಳು. ಕೇಳಿದರೆ, "ಅಣ್ಣ ಫೋನ್ ಮಾಡ್ಯಾನ್ರೀ ಅಕ್ಕಾರ. ಊರಿಗಿ ಬಾ, ಸೀರಿ-ಕುಬಸ ಉಡಸ್ತೀನಿ, ಹಂಗ ಕಚೇರಿಗಿ ಬಂದು ಒಂದು ಸಹಿ ಮಾಡಿ ಹೋಗು ಅಂದಾನ" ಎಂದಳು. ಯಾವ ಸಹಿ ಎಂಬುದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮದುವೆಯಾದ ಎರಡನೇ ವರ್ಷ ನಾನೂ ಅಂಥದೇ ಕಾಗದಕ್ಕೆ, ಓದದೆ, ಸಹಿ ಮಾಡಿದವಳು. ಅದು ಹಕ್ಕು ಬಿಟ್ಟ ಪತ್ರ.

ಈ ಹಕ್ಕು ನಮಗೆ ಸುಮ್ಮನೆ ಬಂದದ್ದಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ ಕಾನೂನು ಮಾಡಿದವು. ನಮ್ಮ ವಿಧಾನಮಂಡಲದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನು ಕಿತ್ತುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನು ಪ್ರಕಾರ ಆಗಿಹೋದ ವಾಟಣಿಯನ್ನು ಮಾತ್ರ ಇದು ಮುಟ್ಟುವುದಿಲ್ಲ. ಮುಸ್ಲಿಂ ಅಕ್ಕಂದಿರಿಗೆ ಅವರ ವೈಯಕ್ತಿಕ ಕಾನೂನಿನಂತೆ ಮಗನ ಪಾಲಿನ ಅರ್ಧದಷ್ಟು ಸಲ್ಲಬೇಕು.

ಕಾನೂನು ಬೆಂಗಳೂರಿನಿಂದ ಹೊರಟಿತು, ದಿಲ್ಲಿಯಿಂದಲೂ ಹೊರಟಿತು. ನಮ್ಮ ಇಂಡಿ, ಸಿಂದಗಿ, ಬಸವನ ಬಾಗೇವಾಡಿಯ ಹಳ್ಳಿಗಳ ಹೊಸ್ತಿಲಲ್ಲಿ ಮಾತ್ರ ನಿಂತುಬಿಟ್ಟಿದೆ. ಯಾಕೆ? "ಮದುವ್ಯಾಗ ಬಂಗಾರ ಕೊಟ್ಟೀವಿ, ಹುಂಡಾ ಕೊಟ್ಟೀವಿ, ಮತ್ತೇನು ಪಾಲು?" ಎಂಬ ಒಂದೇ ಮಾತಿನಿಂದ.

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಹುಂಡಾ ಯಾರ ಕೈಗೆ ಹೋಯಿತು? ಬೀಗರ ಕೈಗೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಂತೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಬೇರೆಯವರು ತೆಗೆದುಕೊಂಡಿದ್ದರೆ ಮೂರು ತಿಂಗಳೊಳಗೆ ಅದನ್ನು ಮದುಮಗಳಿಗೆ ಒಪ್ಪಿಸಬೇಕು. ಒಪ್ಪಿಸಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿಲ್ಲ. ಹಾಗಾದರೆ ಮಗಳಿಗೆ ಸಿಕ್ಕದ್ದೇನು? ಬೀಗರಿಗೆ ಕೊಟ್ಟದ್ದನ್ನು ಮಗಳ ಲೆಕ್ಕಕ್ಕೆ ಬರೆಯುವ ಈ ಲೆಕ್ಕ ನಮ್ಮ ಸಂಘದ ಪುಸ್ತಕದಲ್ಲಾದರೆ ಒಂದು ದಿನವೂ ನಡೆಯದು.

ಹೊಡೆತ ತಿಂದು ನಡುರಾತ್ರಿ ಮಕ್ಕಳ ಕೈ ಹಿಡಿದು ಹೊರಟ ಹೆಂಗಸು ಎಲ್ಲಿಗೆ ಹೋಗಬೇಕು? ತವರಿಗೆ ಹೋದರೆ ಅಲ್ಲಿ ಅವಳು ಎರಡು ದಿನದ ಬೀಗತಿ. ಮೂರನೇ ದಿನ "ಹೊಂದಿಕೊಂಡು ಹೋಗು" ಎಂಬ ಬುದ್ಧಿಮಾತು. ಉತಾರದಲ್ಲಿ ತನ್ನ ಹೆಸರಿದ್ದರೆ ಆ ಮಾತು ಹೇಳುವವರು ಎರಡು ಸಲ ಯೋಚಿಸುತ್ತಾರೆ. ಒಂದು ಎಕರೆ ತೊಗರಿ ಹೊಲವಾಗಲಿ, ನಾಲ್ಕು ನಿಂಬೆ ಗಿಡವಾಗಲಿ, ನಿಲ್ಲಲು ನೆಲವಿದೆ ಎಂಬ ಧೈರ್ಯವೇ ಬೇರೆ.

ಇದರಲ್ಲಿ ಇನ್ನೊಂದು ಮೋಸವೂ ಇದೆ, ಅದನ್ನು ಮುಚ್ಚಿಡಬಾರದು. "ಅಣ್ಣನ ಮ್ಯಾಲೆ ದಾವೆ ಹಾಕು, ಪಾಲು ತಂದು ನನ್ನ ಕೈಯಾಗ ಕೊಡು" ಎಂದು ಹೆಂಡತಿಯನ್ನು ಬಡಿಯುವ ಗಂಡಸರೂ ಇದ್ದಾರೆ. ಇದು ಹೊಸ ಬಟ್ಟೆ ತೊಟ್ಟ ಹಳೆಯ ಹುಂಡಾ. ಪಾಲು ಕೇಳುವುದೂ ಬಿಡುವುದೂ ಅವಳ ಇಚ್ಛೆ. ಅದಕ್ಕಾಗಿ ಅವಳ ಮೈಮುಟ್ಟಿದರೆ 2005ರ ಕಾಯಿದೆಯಂತೆ ಅದು ಕೌಟುಂಬಿಕ ದೌರ್ಜನ್ಯ.

ಕೃಷ್ಣೆಯ ದಂಡೆಯವರು ಈಗ ಹೆಚ್ಚು ಎಚ್ಚರವಾಗಿರಬೇಕು. ಆಲಮಟ್ಟಿ ಅಣೆಕಟ್ಟು ಎತ್ತರಿಸಿದರೆ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಇಷ್ಟು ದುಡ್ಡಿನ ಮಾತು ಎದ್ದ ಕಡೆ ಸಹಿ ಕೇಳಿಕೊಂಡು ಬರುವವರೂ ಏಳುತ್ತಾರೆ. ಹೊಲದಲ್ಲಿ ಪಾಲಿದ್ದವಳಿಗೆ ಪರಿಹಾರದಲ್ಲೂ ಪಾಲಿದೆ.

ಹಾಗಾದರೆ ಏನು ಮಾಡೋಣ? ಮೊದಲನೆಯದು, ಯಾವ ಕಾಗದಕ್ಕೂ ಓದಿಸಿ ಕೇಳದೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. "ಸಂಘದಾಗ ತೋರಿಸಿ ಬರ್ತೀನಿ" ಎನ್ನಿರಿ. ಎರಡನೆಯದು, ತವರಿನ ಹೊಲದ ಉತಾರ ತೆಗೆಸಿ ಇಟ್ಟುಕೊಳ್ಳಿರಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿಗೆ ನಮಗೆ ಟಿಕೇಟಿನ ದುಡ್ಡು ಬೇಕಿಲ್ಲ. ದೇವರ ಗುಡಿಗೆ ಹೋದಂತೆ ಒಮ್ಮೆ ನಾಡಕಚೇರಿಗೂ ಹೋಗಿ ಬನ್ನಿರಿ. ಮೂರನೆಯದು, ತಂದೆ ತೀರಿದ ಮೇಲೆ ವಾರಸಾ ಅರ್ಜಿಯಲ್ಲಿ ನಿಮ್ಮ ಹೆಸರು ಬಿಟ್ಟಿದ್ದರೆ ಕೂಡಲೇ ತಕರಾರು ಬರೆದುಕೊಡಿರಿ. ಮೋಸದಿಂದ ಪಡೆದ ಸಹಿಯನ್ನೂ ಕೋರ್ಟಿನಲ್ಲಿ ಪ್ರಶ್ನಿಸಬಹುದು, ಆದರೆ ತಡ ಮಾಡಬಾರದು. ವಕೀಲರ ಫೀ ಎಲ್ಲಿಂದ ತರಲಿ ಎನ್ನಬೇಡಿರಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಮನೆಯಲ್ಲಿ ಹೊಡೆತವಿದ್ದರೆ 181ಕ್ಕೆ ಫೋನ್ ಮಾಡಿರಿ.

ಆ ತಂಗಿ ಊರಿಗೆ ಹೋದಳು. ಒಬ್ಬಳೇ ಅಲ್ಲ, ಸಂಘದ ಇಬ್ಬರು ಜೊತೆಗಿದ್ದರು. ಕಾಗದವನ್ನು ಗಟ್ಟಿಯಾಗಿ ಓದಿಸಿದರು. "ಅಣ್ಣಾ, ನಿನ್ನ ಸೀರಿ ಉಡತೀನಿ, ಸಹಿ ಮಾಡೂದಿಲ್ಲ" ಎಂದು ಹೇಳಿ ಬಂದಳು. ಅಣ್ಣ ಸೀರೆಯನ್ನೂ ಕೊಡಲಿಲ್ಲ. ನಾಗರಪಂಚಮಿಗೆ ಕರೆಯಲು ಬರುತ್ತಾನೋ ಇಲ್ಲವೋ ಎಂದು ಅವಳು ಅತ್ತದ್ದನ್ನೂ ನಾನು ಕಂಡಿದ್ದೇನೆ. ತವರಿನ ಆಸೆ ಸಣ್ಣದಲ್ಲ. ಆದರೆ ಸಹಿ ಮಾಡಿದ ಮೇಲೆ ಮಾತ್ರ ಉಳಿಯುವ ತವರು ಎಂಥ ತವರು? ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಪ್ರಶ್ನೆಯನ್ನು ನಿಮ್ಮ ನಡುವೆ ಇಡಿರಿ. ಏನು ಮಾತಾಯಿತೆಂದು ನಮಗೂ ಬರೆಯಿರಿ.